ಭಾನುವಾರದ ಜುಮುಕಿ, ಮಂಗಳವಾರದ ತುರಿಕೆ

ಮದುವೆ ಭಾನುವಾರ ಮುಗಿದಿರುತ್ತದೆ. ಸೀರೆಗೆ ಒಪ್ಪುವಂತೆ ತಂದ ಗಿಲೀಟಿನ ಜುಮುಕಿ, ಸರ ಎಲ್ಲವೂ ಅಂದು ರಾತ್ರಿಯೇ ಡಬ್ಬಿ ಸೇರಿರುತ್ತವೆ. ಕಿವಿಯ ಹಾಲೆ ತುರಿಸಲು ಶುರುವಾಗುವುದು ಮಂಗಳವಾರ. ಅಷ್ಟು ಹೊತ್ತಿಗೆ ಜುಮುಕಿಯ ನೆನಪು ಯಾರಿಗೂ ಇರುವುದಿಲ್ಲ. ಮದುವೆ ಊಟದ ಬದನೆಕಾಯಿ ನೆನಪಾಗುತ್ತದೆ. ‘ನಂಜಾಗಿದೆ, ಸ್ವಲ್ಪ ದಿನ ಬದನೆಕಾಯಿ ಬಿಡು’ ಎಂದು ಮನೆಯ ಹಿರಿಯರು ಹೇಳುತ್ತಾರೆ. ಬದನೆ ಬಿಟ್ಟಾಗುತ್ತದೆ, ಒಂದೆರಡು ವಾರದಲ್ಲಿ ಕಿವಿಯೂ ಒಣಗುತ್ತದೆ, ಬದನೆಯೇ ಕಾರಣವೆಂಬುದು ಮನೆಮಂದಿಗೆಲ್ಲ ಖಾತ್ರಿಯಾಗುತ್ತದೆ. ಮುಂದಿನ ಮದುವೆಗೆ ಅದೇ ಜುಮುಕಿ ಡಬ್ಬಿಯಿಂದ ಹೊರಬರುತ್ತದೆ.

ನಿಕಲ್ ಅಲರ್ಜಿ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವುದು ಹೀಗೆ. ತಾಗಿದ್ದು ಒಂದು ದಿನ, ತುರಿಸಿದ್ದು ಇನ್ನೊಂದು ದಿನ. ಜೊತೆಗೆ ಈ ಲೋಹ ನಮ್ಮ ಅಂಗಡಿ, ಅಡುಗೆಮನೆ, ಬಟ್ಟೆಬೀರುಗಳಲ್ಲಿ ತನ್ನ ಹೆಸರಿನಲ್ಲಿ ಎಲ್ಲೂ ಸಿಗುವುದಿಲ್ಲ. ‘ಜರ್ಮನ್ ಸಿಲ್ವರ್’ ಎಂದೋ ‘ಒನ್ ಗ್ರಾಂ ಗೋಲ್ಡ್’ ಎಂದೋ ಬರೀ ‘ಸ್ಟೀಲ್’ ಎಂದೋ ಕರೆಸಿಕೊಂಡು ಮೈ ಮೇಲೆ ಬರುತ್ತದೆ. ಈ ತೊಂದರೆಯಿಂದ ಪಾರಾಗಬೇಕಾದವರು ಮುಲಾಮಿಗಿಂತ ಮೊದಲು ಹುಡುಕಬೇಕಾದದ್ದು ಈ ಬೇರೆ ಬೇರೆ ಹೆಸರುಗಳ ಹಿಂದಿರುವ ಒಂದೇ ಲೋಹವನ್ನು.

ಲೋಹದ ಹೆಸರಿನಲ್ಲೇ ಒಂದು ಮೋಸದ ಕಥೆಯಿದೆ. ಜರ್ಮನಿಯ ಗಣಿಗಳಲ್ಲಿ ತಾಮ್ರದ ಅದಿರಿನಂತೆ ಕಾಣುವ, ಆದರೆ ಎಷ್ಟು ಕಾಯಿಸಿದರೂ ತಾಮ್ರ ಕೊಡದ ಒಂದು ಅದಿರು ಸಿಗುತ್ತಿತ್ತು. ಬೇಸತ್ತ ಗಣಿ ಕೆಲಸಗಾರರು ಅದನ್ನು ‘ಕುಪ್ಫರ್‌ನಿಕೆಲ್’, ಅಂದರೆ ತಾಮ್ರದ ಪಿಶಾಚಿ ಎಂದು ಕರೆದರು. 1751ರಲ್ಲಿ ಸ್ವೀಡನ್ನಿನ ಆಕ್ಸೆಲ್ ಫ್ರೆಡ್ರಿಕ್ ಕ್ರೋನ್‌ಸ್ಟೆಟ್ ಅಂಥದೇ ಅದಿರಿನಿಂದ ಬಿಳಿಯ ಹೊಸ ಲೋಹವೊಂದನ್ನು ಬೇರ್ಪಡಿಸಿದ. ಗಣಿಯವರ ಬೈಗುಳದಲ್ಲಿ ತಾಮ್ರ ಬಿಟ್ಟುಹೋಗಿ ಪಿಶಾಚಿ ಮಾತ್ರ ಉಳಿಯಿತು: ನಿಕಲ್. ಬೆಳ್ಳಿಯಂತೆ ಹೊಳೆಯುವ, ಸುಲಭವಾಗಿ ತುಕ್ಕು ಹಿಡಿಯದ, ಬೆಳ್ಳಿಗಿಂತ ಎಷ್ಟೋ ಅಗ್ಗವಾದ ಲೋಹ ಗುಂಡಿ, ಕೊಂಡಿ, ಗಡಿಯಾರ, ನಾಣ್ಯ, ಒಡವೆಗಳಿಗೆಲ್ಲ ಹರಡಿದ್ದು ಸಹಜವೇ.

ಚರ್ಮದ ಮೇಲೆ ಅದು ನಡೆಸುವ ಕೆಲಸ ಹೀಗಿದೆ. ಗಟ್ಟಿ ಲೋಹ ತಾನಾಗಿ ಏನೂ ಮಾಡದು. ಬೆವರಿನ ಉಪ್ಪು ಲೋಹವನ್ನು ಸ್ವಲ್ಪ ಸ್ವಲ್ಪವೇ ಕೊರೆದು, ಕಣ್ಣಿಗೆ ಕಾಣದ ಅಯಾನುಗಳಾಗಿ ಕರಗಿಸುತ್ತದೆ. ಅವು ಚರ್ಮದ ಮೇಲ್ಪದರ ದಾಟಿ ಅಲ್ಲಿನ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ. ಕೆಲವರ ರೋಗನಿರೋಧಕ ವ್ಯವಸ್ಥೆ ಈ ಜೋಡಿಯನ್ನು ಪರಕೀಯವೆಂದು ಗುರುತು ಹಿಡಿದು ನೆನಪಿಟ್ಟುಕೊಳ್ಳುತ್ತದೆ. ಈ ಮೊದಲ ಹಂತದಲ್ಲಿ ತುರಿಕೆಯೇ ಇರುವುದಿಲ್ಲ. ಈ ನೆನಪು ಮೂಡಲು ಕೆಲವು ವಾರ ಸಾಕಾಗಬಹುದು, ವರ್ಷಗಳೂ ಹಿಡಿಯಬಹುದು. ‘ಹತ್ತು ವರ್ಷದಿಂದ ಇದೇ ಓಲೆ ಹಾಕುತ್ತಿದ್ದೇನೆ, ಈಗ ಹೇಗೆ ಅಲರ್ಜಿ?’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಮ್ಮೆ ನೆನಪು ಮೂಡಿದ ಮೇಲೆ ನಿಕಲ್ ತಾಗಿದಾಗಲೆಲ್ಲ ಟಿ ಜೀವಕೋಶಗಳು ಆ ಜಾಗಕ್ಕೆ ಜಮಾಯಿಸುತ್ತವೆ. ಜಮಾಯಿಸಲು ಅವಕ್ಕೆ ಹನ್ನೆರಡು ಗಂಟೆಯಿಂದ ಎರಡು ಮೂರು ದಿನ ಬೇಕು. ಭಾನುವಾರದ ಜುಮುಕಿಗೆ ಮಂಗಳವಾರ ತುರಿಕೆ ಬರುವುದು ಈ ಪ್ರಯಾಣದ ಸಮಯದಿಂದಾಗಿ.

ಸೀಗಡಿ ತಿಂದ ಅರ್ಧ ಗಂಟೆಗೆ ಮೈಯೆಲ್ಲ ಪಿತ್ತದ ಗಂಧೆ ಏಳುವುದು ಬೇರೆಯೇ ಬಗೆಯ ಅಲರ್ಜಿ. ಅದರ ಹಿಂದಿರುವುದು ಐಜಿಇ ಎಂಬ ಪ್ರತಿಕಾಯ. ರಕ್ತ ಪರೀಕ್ಷೆಯಲ್ಲಿ ಸಿಗುವುದು ಅದೇ. ನಿಕಲ್ ಅಲರ್ಜಿಯಲ್ಲಿ ಐಜಿಇಗೆ ಪಾತ್ರವಿಲ್ಲದ ಕಾರಣ, ಸಾವಿರಾರು ರೂಪಾಯಿ ಕೊಟ್ಟು ಮಾಡಿಸುವ ಐಜಿಇ ‘ಅಲರ್ಜಿ ಪ್ಯಾನೆಲ್’ ಅದನ್ನು ಹಿಡಿಯಲಾರದು.

ಪ್ರಯೋಗಶಾಲೆಯ ಇಲಿಗಳಿಗೆ ನಿಕಲ್ ಅಲರ್ಜಿ ಸುಲಭವಾಗಿ ಬರುವುದಿಲ್ಲ. ಮನುಷ್ಯರಿಗೇಕೆ ಬರುತ್ತದೆ ಎಂಬುದಕ್ಕೆ ಜರ್ಮನಿಯ ಸಂಶೋಧಕರು 2010ರಲ್ಲಿ ಉತ್ತರ ಕಂಡುಕೊಂಡರು. ಬ್ಯಾಕ್ಟೀರಿಯಾ ಬಂತೆಂದು ಎಚ್ಚರಿಸಲು ನಮ್ಮ ಜೀವಕೋಶಗಳ ಮೇಲಿರುವ ಟಿಎಲ್‌ಆರ್4 ಎಂಬ ಗ್ರಾಹಿಗೆ ನಿಕಲ್ ನೇರವಾಗಿ ಅಂಟಿ ಸುಳ್ಳು ಎಚ್ಚರಿಕೆ ಹೊರಡಿಸುತ್ತದೆ. ಅಂಟಲು ಬೇಕಾದ ಹಿಸ್ಟಿಡೀನ್ ಕೊಕ್ಕೆಗಳು ಮನುಷ್ಯರ ಗ್ರಾಹಿಯಲ್ಲಿವೆ, ಇಲಿಯದರಲ್ಲಿಲ್ಲ.

ಈ ತೊಂದರೆ ಕಾಣಿಸಿಕೊಳ್ಳುವ ಜಾಗ ಫ್ಯಾಷನ್ನಿನ ಜೊತೆಗೇ ಮೈ ಮೇಲೆ ಓಡಾಡಿದೆ. 1889ರಲ್ಲಿ ಬರ್ಲಿನ್ನಿನ ವೈದ್ಯ ಆಲ್ಫ್ರೆಡ್ ಬ್ಲಾಷ್ಕೊ ಇದನ್ನು ಬರೆದಿಟ್ಟಾಗ ಅದು ಲೋಹಕ್ಕೆ ಲೇಪ ಹಾಕುವ ಕಾರ್ಮಿಕರ ಕೈಗಳ ಕಾಯಿಲೆಯಾಗಿತ್ತು. ಇಪ್ಪತ್ತನೇ ಶತಮಾನದ ಮಧ್ಯಭಾಗದ ಹೊತ್ತಿಗೆ ಅದು ಯುರೋಪಿನ ಮಹಿಳೆಯರ ತೊಡೆಗೆ ಬಂದಿತ್ತು. ಉದ್ದನೆಯ ಕಾಲುಚೀಲವನ್ನು ಹಿಡಿದಿಡುವ ನಿಕಲ್ ಕೊಂಡಿಗಳು ಅಲ್ಲಿ ತಾಗುತ್ತಿದ್ದವು. ಲಂಡನ್ನಿನ ಚರ್ಮರೋಗ ತಜ್ಞ ಚಾರ್ಲ್ಸ್ ಕ್ಯಾಲ್ನನ್ 1956ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇನ್ನೊಂದು ವಿಷಯವನ್ನೂ ದಾಖಲಿಸಿದರು: ದದ್ದು ತಾಗಿದ ಕಡೆ ಮಾತ್ರ ನಿಲ್ಲದೆ ಮೊಣಕೈ ಮಡಿಕೆಗೆ, ಕಣ್ಣುರೆಪ್ಪೆಗೆ, ಕತ್ತಿಗೂ ಹಾರುತ್ತದೆ. ಕೊಂಡಿಯ ಕಾಲುಚೀಲ ಹೋಯಿತು, ಜೀನ್ಸ್ ಬಂತು. ದದ್ದು ಹೊಕ್ಕುಳಿನ ಕೆಳಗೆ ಬಂತು. ಕಿವಿ ಚುಚ್ಚಿಸಿಕೊಳ್ಳುವ ಫ್ಯಾಷನ್ ಹಬ್ಬಿದ ಮೇಲೆ ಕಿವಿ ಹಾಲೆಯೇ ಇದರ ಮುಖ್ಯ ನೆಲೆಯಾಯಿತು. ಚುಚ್ಚಿದ ಗಾಯದಲ್ಲಿ ನಿಕಲ್ ಕಡ್ಡಿ ಕೂತರೆ, ಚರ್ಮದ ಮೇಲ್ಪದರ ದಾಟುವ ಕಷ್ಟವೂ ಆ ಲೋಹಕ್ಕಿರುವುದಿಲ್ಲ. ಸಾಮಾನ್ಯವಾಗಿ ಗಂಡಸರಿಗಿಂತ ಹೆಂಗಸರಲ್ಲಿ ನಿಕಲ್ ಅಲರ್ಜಿ ಹಲವು ಪಟ್ಟು ಹೆಚ್ಚಾಗಿರುವುದಕ್ಕೆ ಮುಖ್ಯ ಕಾರಣ ಇದೇ.

ಕಾನೂನಿನಿಂದ ಇದನ್ನು ತಗ್ಗಿಸಬಹುದೇ? ಡೆನ್ಮಾರ್ಕ್ ತಗ್ಗಿಸಿ ತೋರಿಸಿದೆ. ಚರ್ಮಕ್ಕೆ ಸದಾ ತಾಗುವ ವಸ್ತುಗಳು ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡಬಾರದೆಂದು ಆ ದೇಶ 1990ರಲ್ಲಿ ನಿಯಮ ತಂದಿತು. ನಿಯಮಕ್ಕೆ ಮೊದಲು ಕಿವಿ ಚುಚ್ಚಿಸಿಕೊಂಡ ಶಾಲಾ ಹುಡುಗಿಯರಲ್ಲಿ ಶೇ. 17.1 ಮಂದಿಗೆ ನಿಕಲ್ ಅಲರ್ಜಿ ಇತ್ತು. ನಂತರ ಚುಚ್ಚಿಸಿಕೊಂಡವರಲ್ಲಿ ಶೇ. 3.9. ಯುರೋಪಿಯನ್ ಒಕ್ಕೂಟ 1994ರಲ್ಲಿ ಅದೇ ಮಿತಿಯನ್ನು ತನ್ನದಾಗಿಸಿಕೊಂಡಿತು. ಚುಚ್ಚಿದ ತೂತಿನಲ್ಲಿ ಕೂರುವ ಕಡ್ಡಿಗಳಿಗೆ ಮಿತಿ ಇನ್ನೂ ಬಿಗಿ, 0.2 ಮೈಕ್ರೋಗ್ರಾಂ.

ಇಲ್ಲಿ ‘ಬಿಡಬಾರದು’ ಎಂಬ ಪದವನ್ನು ಗಮನಿಸಬೇಕು. ನಿಯಮವಿರುವುದು ವಸ್ತುವಿನಲ್ಲಿ ಎಷ್ಟು ನಿಕಲ್ ಇದೆ ಎಂಬುದರ ಮೇಲಲ್ಲ, ಎಷ್ಟು ಹೊರಬಿಡುತ್ತದೆ ಎಂಬುದರ ಮೇಲೆ. ಶಸ್ತ್ರಚಿಕಿತ್ಸೆಗೆ ಬಳಸುವ 316ಎಲ್ ಸ್ಟೀಲಿನಲ್ಲಿ ಶೇ. 10ರಿಂದ 14ರಷ್ಟು ನಿಕಲ್ ಇದೆ. ಆದರೂ ಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಅದನ್ನು ಒಳಗೇ ಕಟ್ಟಿಹಾಕುವುದರಿಂದ ಹೆಚ್ಚಿನವರಿಗೆ ಅದು ತೊಂದರೆ ಕೊಡದು. ಅದಕ್ಕಿಂತ ಕಡಿಮೆ ನಿಕಲ್ ಇರುವ ಅಗ್ಗದ ಲೇಪದ ಓಲೆ ಎರಡೇ ಗಂಟೆ ತೊಟ್ಟರೂ ಕಿವಿ ಕೆಡಿಸಬಹುದು. ಇದಕ್ಕೆ ನಾಣ್ಯಗಳೂ ಸಾಕ್ಷಿ. 1 ಮತ್ತು 2 ಯೂರೋ ನಾಣ್ಯಗಳು ಬೆವರಿಗೆ ಸಿಕ್ಕಾಗ ಆ ಮಿತಿಯ 240ರಿಂದ 320 ಪಟ್ಟು ನಿಕಲ್ ಬಿಡುತ್ತವೆಂದು 2002ರಲ್ಲಿ ‘ನೇಚರ್’ ಪತ್ರಿಕೆಯ ವರದಿಯೊಂದು ತೋರಿಸಿತು. ಎರಡು ಬಗೆಯ ಮಿಶ್ರಲೋಹ ಅಕ್ಕಪಕ್ಕ ಕೂತು ನಡುವೆ ಬೆವರು ಸೇರಿದರೆ ಪುಟ್ಟ ಬ್ಯಾಟರಿಯೇ ಆಗಿಬಿಡುತ್ತದೆ, ಕೊರೆತ ಹೆಚ್ಚುತ್ತದೆ. ನಮ್ಮ 20 ರೂಪಾಯಿ ನಾಣ್ಯದ ಹೊರ ಉಂಗುರದಲ್ಲಿ ಶೇ. 20ರಷ್ಟು ನಿಕಲ್ ಇದೆ, ಒಳಬಿಲ್ಲೆಯಲ್ಲಿ ಶೇ. 5. ಚಿಲ್ಲರೆ ಎಣಿಸಿ ಕೊಡುವ ಕ್ಷಣದ ಸ್ಪರ್ಶದಿಂದ ಸಾಮಾನ್ಯರಿಗೆ ಏನೂ ಆಗದು. ದಿನವಿಡೀ ನಾಣ್ಯ ಹಿಡಿಯುವ ಕಂಡಕ್ಟರ್, ಕ್ಯಾಷಿಯರ್‌ಗಳಿಗೆ ಬೆರಳ ತುದಿ ಬಿರಿಯುತ್ತಿದ್ದರೆ ಮಾತ್ರ ವೈದ್ಯರ ಮುಂದೆ ಈ ವಿಷಯ ಹೇಳಬೇಕು.

ಅಂಗಡಿಯಲ್ಲಿ ಅದರ ಹೆಸರುಗಳು

ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ. ತಾಮ್ರ, ಸತು ಮತ್ತು ನಿಕಲ್ ಸೇರಿದ ಮಿಶ್ರಲೋಹ ಅದು. ಬೆಳ್ಳಿಯ ಬಣ್ಣ ನಿಕಲ್ಲಿನದು. ಗೌರಿ ಹಬ್ಬಕ್ಕೆ, ವರಮಹಾಲಕ್ಷ್ಮಿಗೆ ಕೊಳ್ಳುವ ಜರ್ಮನ್ ಸಿಲ್ವರ್ ತಟ್ಟೆ, ಕುಂಕುಮದ ಬಟ್ಟಲು, ಕಲಶಗಳಿಂದ ಅಂಥ ಅಪಾಯವಿಲ್ಲ. ಅವನ್ನು ಮೈಗೆ ತೊಡುವುದಿಲ್ಲ. ಈಚೆಗೆ ಅದೇ ಲೋಹದ ಹಾರ, ಬಳೆ, ಓಲೆ, ಕಾಲುಂಗುರಗಳು ಬಂದಿವೆ, ಕಷ್ಟ ಅಲ್ಲಿಂದ ಶುರು. ‘ಆಕ್ಸಿಡೈಸ್ಡ್’ ಎಂಬ ಹೆಸರಿನ ಕಪ್ಪು ಛಾಯೆಯ ಅಗ್ಗದ ಒಡವೆಗಳಲ್ಲೂ ಬುಡದ ಲೋಹ ಹಲವು ಸಲ ಇದೇ.

ಗಿಲೀಟಿನ ಒಡವೆಯಲ್ಲಿ ನಿಕಲ್ ನಡುಪದರವಾಗಿರುತ್ತದೆ. ಹಿತ್ತಾಳೆ ಅಥವಾ ತಾಮ್ರದ ಮೇಲೆ ನೇರ ಚಿನ್ನ ಹಾಕಿದರೆ ಹೊಳಪು ನಿಲ್ಲದೆಂದು ಮೊದಲು ನಿಕಲ್ ಲೇಪಿಸಿ, ಅದರ ಮೇಲೆ ಕೂದಲೆಳೆಗಿಂತ ತೆಳುವಾಗಿ ಚಿನ್ನ ಹಿಡಿಸುವುದು ಸಾಮಾನ್ಯ ಕ್ರಮ. ಹೊಸತರಲ್ಲಿ ಏನೂ ಆಗದ ಸರ ಆರು ತಿಂಗಳ ಮೇಲೆ ತುರಿಸುವುದು ಇದರಿಂದಲೇ. ಹೆಚ್ಚು ಉಜ್ಜುವ ಕಡೆ, ಅಂದರೆ ಸರದ ಕೊಕ್ಕೆ, ಓಲೆಯ ತಿರುಪು, ಬಳೆಯ ಒಳಮೈಯಲ್ಲಿ, ಚಿನ್ನ ಮೊದಲು ಸವೆಯುತ್ತದೆ. ಕತ್ತಿನ ಹಿಂಭಾಗದಲ್ಲಿ ಕೊಕ್ಕೆ ಕೂರುವಲ್ಲಿ ಮಾತ್ರ ದುಂಡನೆ ದದ್ದು ಬಂದಿದ್ದರೆ ಪರೀಕ್ಷೆಗೆ ಮೊದಲೇ ಅರ್ಧ ಉತ್ತರ ಸಿಕ್ಕಂತೆ.

ಅಸಲಿ ಚಿನ್ನಕ್ಕೂ ಒಂದು ಮಾತು ಸೇರಿಸಬೇಕು. ಹಾಲ್‌ಮಾರ್ಕಿನ 916 ಎಂಬ ಗುರುತು ಸಾವಿರದಲ್ಲಿ 916 ಪಾಲು ಚಿನ್ನವೆಂದು ಹೇಳುತ್ತದೆ. ಉಳಿದ 84 ಪಾಲು ಯಾವ ಲೋಹವೆಂದು ಹೇಳುವುದಿಲ್ಲ. ಹಳದಿ ಚಿನ್ನದಲ್ಲಿ ಸಾಮಾನ್ಯವಾಗಿ ಅದು ತಾಮ್ರ, ಬೆಳ್ಳಿ, ಸತು. ಹಾಗಾಗಿ ‘ಚಿನ್ನ ಹಾಕಿದರೆ ಕಿವಿ ಕೆಡುವುದಿಲ್ಲ’ ಎಂಬ ಅಜ್ಜಿಯರ ಮಾತು 22 ಕ್ಯಾರೆಟ್ಟಿನ ಮಟ್ಟಿಗೆ ಸರಿಯೇ. ವೈಟ್ ಗೋಲ್ಡ್ ಕೊಳ್ಳುವವರು ಮಾತ್ರ ಚಿನ್ನವನ್ನು ಬಿಳಿಯಾಗಿಸಲು ನಿಕಲ್ ಹಾಕಿದ್ದಾರೆಯೇ, ಪಲ್ಲೇಡಿಯಂ ಹಾಕಿದ್ದಾರೆಯೇ ಎಂದು ಕೇಳಿ ರಸೀದಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. 925 ಬೆಳ್ಳಿಯಲ್ಲಿ ಉಳಿದ ಪಾಲು ಬಹುತೇಕ ತಾಮ್ರ. ಟೈಟಾನಿಯಂ, ನಿಯೋಬಿಯಂ, ಪ್ಲಾಟಿನಂಗಳು ನಿಕಲ್ ಅಲರ್ಜಿಯವರಿಗೆ ಧೈರ್ಯವಾಗಿ ಹೇಳಬಹುದಾದ ಲೋಹಗಳು. ಪ್ಯಾಕೆಟ್ಟಿನ ಮೇಲಿನ ‘ಹೈಪೋಅಲರ್ಜೆನಿಕ್’ ಎಂಬ ಪದವನ್ನು ನೋಡಿ ಕೊಳ್ಳಬಾರದು, ಒಳಗಿನ ಲೋಹ ಯಾವುದೆಂದು ಕೇಳಿ ಕೊಳ್ಳಬೇಕು.

ಮನೆಯಲ್ಲಿ ಅಯಸ್ಕಾಂತ ಹಿಡಿದು ಪರೀಕ್ಷಿಸುವವರಿದ್ದಾರೆ. ಒಡವೆಗೆ ಅದು ಕೆಲಸಕ್ಕೆ ಬಾರದು: ಶುದ್ಧ ನಿಕಲ್ ಅಯಸ್ಕಾಂತಕ್ಕೆ ಅಂಟುತ್ತದೆ, ಜರ್ಮನ್ ಸಿಲ್ವರ್ ಅಂಟುವುದಿಲ್ಲ. ನಂಬಬಹುದಾದ ಪರೀಕ್ಷೆ ಡೈಮೀಥೈಲ್‌ಗ್ಲೈಆಕ್ಸಿಮ್ ಎಂಬ ರಾಸಾಯನಿಕದ್ದು. ರಷ್ಯಾದ ರಸಾಯನಶಾಸ್ತ್ರಜ್ಞ ಲೆವ್ ಚುಗಾಯೆವ್ 1905ರಲ್ಲಿ ಕಂಡುಕೊಂಡ ಈ ವಿಧಾನವನ್ನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರು ಮರೆತಿರಲಾರರು. ಹತ್ತಿಯ ಕಡ್ಡಿಗೆ ಇದನ್ನೂ ಅಮೋನಿಯಾವನ್ನೂ ಒಂದೆರಡು ಹನಿ ಹಾಕಿ ಒಡವೆಯ ಮೇಲೆ ಅರ್ಧ ನಿಮಿಷ ಉಜ್ಜಿದರೆ, ನಿಕಲ್ ಬಿಡುತ್ತಿದ್ದಲ್ಲಿ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಒಡವೆ ಕೆಡುವುದಿಲ್ಲ. ಇದರ ಕಿಟ್ ಆನ್‌ಲೈನ್‌ನಲ್ಲೂ ಸಿಗುತ್ತದೆ. ಗುಲಾಬಿ ಬಂದರೆ ಅದು ನಿಕಲ್ ಎಂದು ನಂಬಬಹುದು. ಬರದಿದ್ದರೆ ನಿಕಲ್ ಇಲ್ಲವೇ ಇಲ್ಲ ಎನ್ನುವಂತಿಲ್ಲ, ಸಣ್ಣ ಪ್ರಮಾಣ ಅದರ ಕಣ್ಣು ತಪ್ಪಿಸಬಹುದು.

ತೆಗೆಯಬಾರದ ಒಡವೆಗಳು

‘ಆ ಒಡವೆ ಹಾಕಬೇಡಿ’ ಎಂದು ವೈದ್ಯರು ಬರೆದುಕೊಡುವುದು ಸುಲಭ. ತಾಳಿ ಸರವನ್ನೋ ಕಾಲುಂಗುರವನ್ನೋ ತೆಗೆಯಿರಿ ಎಂದಾಗ ಎದುರಿಗೆ ಕೂತವರ ಮುಖ ಬಾಡುತ್ತದೆ, ಎಷ್ಟೋ ಮಂದಿ ಮತ್ತೆ ಆ ವೈದ್ಯರ ಬಳಿ ಹೋಗುವುದೇ ಇಲ್ಲ. ಇದನ್ನು ಹಟವೆಂದು ತಳ್ಳಿಹಾಕುವುದು ತಪ್ಪು. ದಾರಿಗಳು ಇವೆ. ತಾಳಿಯ ಬೊಟ್ಟು ಚಿನ್ನದ್ದಾಗಿದ್ದು ಸರ ಮಾತ್ರ ಗಿಲೀಟಿನದಾಗಿದ್ದರೆ, ಬೊಟ್ಟನ್ನು ದಾರಕ್ಕೆ ಪೋಣಿಸಿಕೊಳ್ಳಬಹುದು. ಅರಿಶಿನದ ದಾರವೇ ಮೂಲ ಸಂಪ್ರದಾಯವಾಗಿರುವ ಮನೆಗಳು ಎಷ್ಟೋ ಇವೆ. ಚರ್ಮ ಕೆರಳಿರುವಾಗ ಮಾತ್ರ ಹೊಸದಾಗಿ ಅರಿಶಿನ ಬಳಿಯದ ದಾರವಿರಲಿ, ಏಕೆಂದರೆ ಅರಿಶಿನಕ್ಕೂ ಕೆಲವರ ಚರ್ಮ ಮುನಿಯುತ್ತದೆ. ಕರಿಮಣಿ ಗಾಜಿನದು, ಅದರಿಂದ ತೊಂದರೆಯಿಲ್ಲ; ಮಣಿಗಳ ನಡುವಿನ ತಂತಿ ಮತ್ತು ಕೊಕ್ಕೆಯನ್ನು ಬದಲಿಸಬೇಕು. ಕಾಲುಂಗುರಕ್ಕೆ 925 ಬೆಳ್ಳಿ ಸಾಕು. ಮಕ್ಕಳ ಸೊಂಟದ ಉಡದಾರ ಬೆಳ್ಳಿಯದೆಂದು ಕೊಟ್ಟ ಅಗ್ಗದ ಲೋಹದ್ದಾಗಿದ್ದರೆ ನೂಲಿನ ಉಡದಾರಕ್ಕೆ ಮರಳಬಹುದು.

ಒಡವೆಯ ಹೊರಗೂ ಹುಡುಕಬೇಕಾದ ಜಾಗಗಳಿವೆ. ಸೀರೆಯ ಸೆರಗಿಗೆ ಭುಜದ ಮೇಲೆ ಚುಚ್ಚುವ ಪಿನ್ನು, ರವಿಕೆಯ ಹುಕ್ಕು, ಒಳಉಡುಪಿನ ಕೊಂಡಿ, ಗಡಿಯಾರದ ಬೆನ್ನು, ಕನ್ನಡಕದ ಕಾಲು, ಜೀನ್ಸಿನ ಗುಂಡಿ. ಹತ್ತು ವರ್ಷದ ಹುಡುಗನಿಗೆ ಹೊಕ್ಕುಳ ಕೆಳಗೆ ವಾಸಿಯಾಗದ ಕಜ್ಜಿ ಇದ್ದರೆ ಮೊದಲು ಅವನ ಶಾಲೆಯ ಬೆಲ್ಟಿನ ಬಕಲ್ ನೋಡಬೇಕು. ಬನಿಯನ್ನನ್ನು ಚಡ್ಡಿಯೊಳಗೆ ಸೇರಿಸಿ, ಬಕಲಿಗೂ ಹೊಟ್ಟೆಗೂ ನಡುವೆ ಬಟ್ಟೆ ಬರುವಂತೆ ಮಾಡಿದರೆ ಅರ್ಧ ಗೆದ್ದಂತೆ. ಜೀನ್ಸಿನ ಗುಂಡಿಯ ಒಳಮೈಗೆ ದಪ್ಪ ಬಟ್ಟೆಯ ತುಂಡು ಹೊಲಿಯಬಹುದು. ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯುವ ಉಪಾಯವೂ ನಡೆಯುತ್ತದೆ, ಆದರೆ ಕೆಲವೇ ದಿನ. ಅದು ಸವೆದು ಹೋದದ್ದು ತಿಳಿಯುವುದು ಮತ್ತೆ ತುರಿಸಿದಾಗಲೇ. ಕಿವಿಯೊಳಗೆ ಹೋಗುವ ಕಡ್ಡಿಗೆ ಅದನ್ನು ನೆಚ್ಚಬಾರದು.

ಬೇಸಿಗೆಯಲ್ಲಿ ಮತ್ತು ಕರಾವಳಿಯಲ್ಲಿ ತೊಂದರೆ ಏರುತ್ತದೆ. ಬೆವರು ಹೆಚ್ಚಾದಷ್ಟೂ ಲೋಹ ಕರಗುತ್ತದೆ. ಚಳಿಗಾಲದಲ್ಲಿ ಸುಮ್ಮನಿದ್ದ ಗಡಿಯಾರ ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯಲ್ಲಿ ಮಣಿಕಟ್ಟು ಕೆಡಿಸಿದರೆ ಆಶ್ಚರ್ಯಪಡಬೇಕಿಲ್ಲ.

ಕಂದು ಚರ್ಮದ ಮೇಲೆ

ವೈದ್ಯಕೀಯ ಪುಸ್ತಕಗಳಲ್ಲಿ ಈ ದದ್ದು ‘ಕೆಂಪಗೆ’ ಇರುತ್ತದೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಕಾಣುವುದು ಕಡಿಮೆ. ನೇರಳೆ ಛಾಯೆ ಅಥವಾ ಬೂದುಗಪ್ಪು ಕಾಣುತ್ತದೆ. ಹೊಸ ದದ್ದಿನಲ್ಲಿ ಸಣ್ಣ ನೀರುಗುಳ್ಳೆ, ಜಿನುಗು, ವಿಪರೀತ ತುರಿಕೆ. ಹಳೆಯದಾದರೆ ಚರ್ಮ ಒರಟಾಗಿ, ದಪ್ಪವಾಗಿ, ಗೆರೆಗಳು ಎದ್ದು ಕಾಣುತ್ತವೆ. ವಾಸಿಯಾದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಲೆ ಉಳಿದಿದೆ ಎಂದರೆ ಕಾಯಿಲೆ ಉಳಿದಿದೆ ಎಂದಲ್ಲ. ಅದನ್ನು ಅಳಿಸಲು ಬಿಳುಪಾಗಿಸುವ ಕ್ರೀಮು ತಿಕ್ಕುವುದು ಬೇರೆಯೇ ತೊಂದರೆಗೆ ಬಾಗಿಲು ತೆರೆಯುತ್ತದೆ.

ಇದನ್ನು ಗಜಕರ್ಣವೆಂದು ತಿಳಿಯುವುದು ಬಹಳ. ಗಜಕರ್ಣ ಅಂಚಿನಲ್ಲಿ ಉಬ್ಬಿ, ನಡುವೆ ತಿಳಿಯಾಗಿ, ಉಂಗುರದಂತೆ ಹಿಗ್ಗುತ್ತಾ ಹೋಗುತ್ತದೆ. ಮನೆಯ ಇತರರಿಗೂ ಅಂಟುತ್ತದೆ. ನಿಕಲ್ ದದ್ದು ಲೋಹ ಕೂತ ಆಕಾರದಲ್ಲಿ ಶುರುವಾಗುತ್ತದೆ, ಯಾರಿಗೂ ಅಂಟುವುದಿಲ್ಲ. ಹಣೆಯಲ್ಲಿ ಸ್ಟಿಕ್ಕರ್ ಬಿಂದಿಯ ಜಾಗ ತುರಿಸಿದರೆ ಅದು ಹೆಚ್ಚಾಗಿ ಅಂಟಿನಲ್ಲಿರುವ ರಾಸಾಯನಿಕದ ಕೆಲಸ. ಆ ಅಂಟು ಕೆಲವರಲ್ಲಿ ಬಿಳಿ ಕಲೆಯನ್ನೂ ಮಾಡುತ್ತದೆ. ಚಪ್ಪಲಿಯ ಪಟ್ಟಿ ಕೂರುವಲ್ಲಿ ಬಂದರೆ ಚರ್ಮ ಹದಮಾಡುವ ಕ್ರೋಮಿಯಂ ಅಥವಾ ರಬ್ಬರನ್ನು ಅನುಮಾನಿಸಬೇಕು. ತುರಿಕೆಗೆಲ್ಲ ನಿಕಲ್ಲನ್ನೇ ದೂರಿದರೆ ಬದನೆಕಾಯಿಯನ್ನು ದೂರಿದಷ್ಟೇ ತಪ್ಪಾಗುತ್ತದೆ.

ಸಂಶಯ ತೀರಿಸುವುದು ಪ್ಯಾಚ್ ಪರೀಕ್ಷೆ. 1895ರಲ್ಲಿ ಯೋಸೆಫ್ ಯಾಡಸೋನ್ ಗ್ರಾಜ್ ನಗರದಲ್ಲಿ ಮೊದಲು ತೋರಿಸಿದ ಈ ವಿಧಾನ ಇಂದಿಗೂ ಬದಲಾಗಿಲ್ಲ ಎನ್ನಬಹುದು. ಪುಟ್ಟ ಬಟ್ಟಲುಗಳಲ್ಲಿ ಅಲರ್ಜಿ ತರುವ ಸಾಮಾನ್ಯ ವಸ್ತುಗಳನ್ನು ತುಂಬಿ ಬೆನ್ನಿನ ಮೇಲ್ಭಾಗಕ್ಕೆ ಅಂಟಿಸುತ್ತಾರೆ. ಭಾರತದಲ್ಲಿ ನಿಕಲ್ಲಿಗೆ ಬಳಸುವುದು ವ್ಯಾಸಲಿನ್‌ನಲ್ಲಿ ಕಲಸಿದ ಶೇ. 5ರ ನಿಕಲ್ ಸಲ್ಫೇಟ್. ಸೋಮವಾರ ಅಂಟಿಸಿದರೆ ಬುಧವಾರ ತೆಗೆದು ಒಮ್ಮೆ, ಗುರುವಾರ ಅಥವಾ ಶುಕ್ರವಾರ ಇನ್ನೊಮ್ಮೆ ಓದುತ್ತಾರೆ. ಎರಡನೆಯ ಓದು ತಪ್ಪಿಸಬಾರದು, ಬಸ್ಸಿನ ಖರ್ಚಾದರೂ ಸರಿ. ತಡವಾಗಿ ಬರುವ ಪ್ರತಿಕ್ರಿಯೆ ಸಿಗುವುದು ಆಗಲೇ. ಆ ದಿನಗಳಲ್ಲಿ ಬೆನ್ನಿಗೆ ನೀರು ಹಾಕುವಂತಿಲ್ಲ, ಬೆವರು ಹರಿಯುವ ಕೆಲಸ ಮಾಡುವಂತಿಲ್ಲ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬೆನ್ನಿಗೆ ಸ್ಟೀರಾಯ್ಡ್ ಕ್ರೀಮು ಹಚ್ಚಿದ್ದರೆ ಮೊದಲೇ ಹೇಳಬೇಕು. ಫಲಿತಾಂಶವನ್ನು ಅವು ಅಳಿಸಿಹಾಕಬಲ್ಲವು. ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗದಲ್ಲಿ ವಿಚಾರಿಸಿದರೆ ಈ ಪರೀಕ್ಷೆ ಎಲ್ಲಿ ಸಿಗುತ್ತದೆಂದು ತಿಳಿಯುತ್ತದೆ.

ಮುಲಾಮು, ಅದರ ಮಿತಿ

ಹೊಸದಾಗಿ ಎದ್ದ, ಜಿನುಗುವ ದದ್ದಿಗೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುದ್ಧ ಹತ್ತಿ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ತುರಿಕೆ ತಗ್ಗುತ್ತದೆ. ವೈದ್ಯರು ಸೂಚಿಸಿದ ಸ್ಟೀರಾಯ್ಡ್ ಮುಲಾಮನ್ನು ಹೇಳಿದಷ್ಟೇ ದಿನ ತೆಳುವಾಗಿ ಹಚ್ಚಬೇಕು. ಕಣ್ಣುರೆಪ್ಪೆ, ಕತ್ತಿನಂಥ ಮೃದು ಜಾಗಗಳಿಗೆ ಟ್ಯಾಕ್ರೋಲಿಮಸ್‌ನಂಥ ಸ್ಟೀರಾಯ್ಡ್ ಅಲ್ಲದ ಮುಲಾಮು ಕೊಡುವುದುಂಟು. ಜಿನುಗು ನಿಂತ ಮೇಲೆ ಒಣಗಿ ಬಿರಿದ ಚರ್ಮಕ್ಕೆ ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ಸಾಕು. ಹಸಿ ಗಾಯಕ್ಕೆ ನಿಂಬೆರಸ, ಸುಣ್ಣ, ಬೆಳ್ಳುಳ್ಳಿ, ನಂಜುನಿರೋಧಕ ದ್ರವಗಳನ್ನು ಸುರಿಯುವುದು ಸುಟ್ಟ ಮೇಲೆ ಇನ್ನೊಮ್ಮೆ ಸುಟ್ಟಂತೆ. ಹಳದಿ ಹೆಕ್ಕಳೆ, ಕೀವು, ಜ್ವರ ಕಂಡರೆ ಸೋಂಕು ಸೇರಿದೆ ಎಂದರ್ಥ. ಅಂದೇ ವೈದ್ಯರನ್ನು ಕಾಣಬೇಕು.

ಔಷಧಿ ಅಂಗಡಿಯಲ್ಲಿ ‘ತುರಿಕೆಗೆ ಏನಾದರೂ ಕೊಡಿ’ ಎಂದರೆ ಸಿಗುವ ಟ್ಯೂಬಿನಲ್ಲಿ ಬಹಳ ಸಲ ತೀಕ್ಷ್ಣ ಸ್ಟೀರಾಯ್ಡ್, ಶಿಲೀಂಧ್ರದ ಔಷಧಿ, ಆ್ಯಂಟಿಬಯಾಟಿಕ್ ಮೂರೂ ಒಟ್ಟಿಗಿರುತ್ತವೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯವಾಗುವುದರಿಂದ ಜನ ಅದನ್ನೇ ನೆಚ್ಚುತ್ತಾರೆ. ಬಿಟ್ಟೊಡನೆ ಮರಳುತ್ತದೆ, ಮತ್ತೆ ಹಚ್ಚುತ್ತಾರೆ, ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗುತ್ತದೆ. ಅದರಲ್ಲಿರುವ ನಿಯೋಮೈಸಿನ್ನೇ ಕೆಲವರಿಗೆ ಹೊಸ ಅಲರ್ಜಿ ಹಚ್ಚುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ‘ಶೆಡ್ಯೂಲ್ ಎಚ್’ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿಯವರ ಮೇಲೆ ಸಿಟ್ಟಾಗಬಾರದು. ಅವರು ತಮ್ಮ ಗಿರಾಕಿಯ ಚರ್ಮ ಕಾಯುತ್ತಿದ್ದಾರೆ. ನಿಕಲ್ ತಾಗುತ್ತಲೇ ಇರುವ ತನಕ ಯಾವ ಮುಲಾಮೂ ಗೆಲ್ಲುವುದಿಲ್ಲ. ಟಿ ಜೀವಕೋಶಗಳ ನೆನಪನ್ನು ಅಳಿಸುವ ಔಷಧಿಯೂ ಇಲ್ಲ, ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಜೊತೆಗಿರುತ್ತದೆ.

ಊಟದ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ನಿಕಲ್ ನೆಲದಲ್ಲಿದೆ, ಆದ್ದರಿಂದ ಬೆಳೆಯಲ್ಲೂ ಇದೆ. ಕೋಕೋ ಮತ್ತು ಚಾಕೊಲೇಟ್, ಗೋಡಂಬಿ, ಶೇಂಗಾ, ಸೋಯಾ, ಓಟ್ಸ್, ಬೇಳೆಕಾಳುಗಳಲ್ಲಿ ಹೆಚ್ಚು. ಆದರೆ ಪ್ಯಾಚ್ ಪರೀಕ್ಷೆಯಲ್ಲಿ ನಿಕಲ್ ಕಂಡವರೆಲ್ಲ ಪಥ್ಯ ಹಿಡಿಯಬೇಕಿಲ್ಲ. ದಿನದ ಊಟದಲ್ಲಿರುವಷ್ಟು ನಿಕಲ್ಲಿಗೆ ಕೆರಳುವವರು ಅವರಲ್ಲಿ ತೀರಾ ಕೆಲವರು. ಲೋಹದ ಸ್ಪರ್ಶ ಪೂರ್ತಿ ತಪ್ಪಿಸಿದ ಮೇಲೂ ಅಂಗೈ, ಬೆರಳುಗಳ ಬದಿಯಲ್ಲಿ ನೀರುಗುಳ್ಳೆ ಏಳುತ್ತಲೇ ಇದ್ದರೆ, ಮೈ ಮಡಿಕೆಗಳಲ್ಲಿ ದದ್ದು ಮರುಕಳಿಸುತ್ತಿದ್ದರೆ ಮಾತ್ರ ವೈದ್ಯರು ಕೆಲವು ವಾರಗಳ ಪಥ್ಯ ಹೇಳಬಹುದು. ತೊಗರಿಬೇಳೆ, ಕಡಲೆ, ಅಲಸಂದೆಗಳೇ ಪ್ರೋಟೀನಿನ ಆಧಾರವಾದ ಸಸ್ಯಾಹಾರಿ ಮನೆಗಳಲ್ಲಿ ಯಾರದೋ ಮಾತು ಕೇಳಿ ಎಲ್ಲ ಕಾಳು ಬಿಡುವುದು ಅನಾಹುತ. ಕಬ್ಬಿಣಾಂಶ ಕಡಿಮೆಯಾದಾಗ ಕರುಳು ನಿಕಲ್ಲನ್ನು ಹೆಚ್ಚು ಹೀರುತ್ತದೆ, ಏಕೆಂದರೆ ಎರಡೂ ಒಂದೇ ಬಾಗಿಲಿನಿಂದ ಒಳಬರುತ್ತವೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಬೇಳೆ ಬಿಡುವುದಕ್ಕಿಂತ ಮೊದಲು ಹಿಮೋಗ್ಲೋಬಿನ್ ನೋಡಿಸಿಕೊಳ್ಳಬೇಕು.

ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಹೋದ ನಿಕಲ್ ಊಟದ ಜೊತೆ ಹೋದದ್ದಕ್ಕಿಂತ ಹಲವು ಪಟ್ಟು ಹೀರಲ್ಪಡುತ್ತದೆ. ಅಮೆರಿಕದ ಪ್ರಯೋಗವೊಂದರಲ್ಲಿ ಅದು ಶೇ. 27ಕ್ಕೆ ಎದುರು ಶೇ. 0.7 ಇತ್ತು. ಆದ್ದರಿಂದ ಪಥ್ಯದಲ್ಲಿರುವವರು ಬೆಳಗಿನ ಮೊದಲ ನಲ್ಲಿ ನೀರನ್ನು ಕುಡಿಯಲು ಹಿಡಿಯದೆ ಸ್ವಲ್ಪ ಹರಿಯಬಿಡುವುದು ವಾಸಿ. ಸ್ಟೀಲ್ ಪಾತ್ರೆಯ ಭಯ ಹೆಚ್ಚಿನವರಿಗೆ ಬೇಡ. ಹುಣಸೆ, ಟೊಮೆಟೊ ಹಾಕಿ ಗಂಟೆಗಟ್ಟಲೆ ಕುದಿಸಿದಾಗ ಸ್ಟೀಲಿನಿಂದ ನಿಕಲ್ ಬಿಡುವುದು ನಿಜ, ಹೊಸ ಪಾತ್ರೆಯಲ್ಲಿ ಹೆಚ್ಚು, ಬಳಸುತ್ತಾ ಹೋದಂತೆ ಕಡಿಮೆ. ಪಥ್ಯ ಹೇಳಿಸಿಕೊಂಡವರು ಸಾರು, ಹುಳಿ, ಗೊಜ್ಜುಗಳನ್ನು ಮಣ್ಣಿನ ಗಡಿಗೆಯಲ್ಲೋ ಕಲ್ಲಿನ ಮರಿಗೆಯಲ್ಲೋ ಮಾಡಿ, ಉಪ್ಪಿನಕಾಯಿಯನ್ನು ಜಾಡಿಯಲ್ಲಿ ಇಟ್ಟರೆ ಸಾಕು.

ಕೆಲಸದ ಜಾಗದಲ್ಲಿ ನಿಕಲ್ ತಾಗುವವರ ಪಾಡು ಬೇರೆ. ಬೆಂಗಳೂರಿನ ಪೀಣ್ಯದಂಥ ಕಡೆ ಲೋಹಕ್ಕೆ ಲೇಪ ಹಾಕುವ ಘಟಕಗಳಲ್ಲಿ ನಿಕಲ್ ದ್ರಾವಣವೇ ಕೈಗೆ ಸಿಡಿಯುತ್ತದೆ. ದರ್ಜಿ, ಕ್ಷೌರಿಕ, ಮೆಕ್ಯಾನಿಕ್‌ಗಳಿಗೆ ಕತ್ತರಿ, ಸ್ಪ್ಯಾನರುಗಳ ಹಿಡಿ. ಹಿಡಿಗೆ ಪ್ಲಾಸ್ಟಿಕ್ ಹೊದಿಕೆ, ಕೆಲಸಕ್ಕೆ ತಕ್ಕ ಕೈಗವಸು, ಒದ್ದೆಯಾದ ಕೂಡಲೇ ಅದನ್ನು ಬದಲಿಸುವ ಅವಕಾಶ ಇಷ್ಟನ್ನು ಮಾಲೀಕರು ಒದಗಿಸಿದರೆ ಎಷ್ಟೋ ಮಂದಿ ತಮ್ಮ ಕಸುಬು ಬಿಡಬೇಕಾಗುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಮುನ್ನ ನಿಕಲ್ ಅಲರ್ಜಿ ಇರುವುದನ್ನು ಹೇಳುವುದು ಒಳ್ಳೆಯ ಅಭ್ಯಾಸ. ಮೂಳೆಗೆ ಹಾಕುವ ಪ್ಲೇಟು, ಹೃದಯದ ಸ್ಟೆಂಟು, ಹಲ್ಲು ನೇರ ಮಾಡುವ ತಂತಿಗಳಲ್ಲಿ ನಿಕಲ್ ಇರಬಹುದು. ಚರ್ಮದ ಅಲರ್ಜಿ ಇರುವ ಬಹುಪಾಲು ಜನರಿಗೆ ಅವು ತೊಂದರೆ ಕೊಡುವುದಿಲ್ಲ, ಹಾಗಾಗಿ ಜೀವ ಉಳಿಸುವ ಚಿಕಿತ್ಸೆಯನ್ನು ಈ ಕಾರಣಕ್ಕೆ ಮುಂದೂಡಬಾರದು. ಹಲ್ಲಿನ ತಂತಿಯ ವಿಷಯದಲ್ಲಿ ಯುರೋಪಿನ ಕೆಲವು ಅಧ್ಯಯನಗಳು ಕುತೂಹಲದ ಸಂಗತಿ ಹೇಳಿವೆ: ಕಿವಿ ಚುಚ್ಚಿಸುವುದಕ್ಕೆ ಮೊದಲೇ ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದವರಲ್ಲಿ ನಿಕಲ್ ಅಲರ್ಜಿ ಕಡಿಮೆ ಇತ್ತು. ಬಾಯಿಯ ಮೂಲಕ ಮೊದಲು ಪರಿಚಯವಾದ ವಸ್ತುವನ್ನು ದೇಹ ಸಹಿಸಲು ಕಲಿಯುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಹಾಗಾಗಿ ಮಕ್ಕಳ ಕಿವಿ ಚುಚ್ಚಿಸುವ ದಿನವೇ ಎಲ್ಲಕ್ಕಿಂತ ಮುಖ್ಯವಾದ ದಿನ. ಅಕ್ಕಸಾಲಿಗರು ಚಿನ್ನದ ತಂತಿಯಿಂದಲೇ ಚುಚ್ಚಿ ಅದನ್ನೇ ಬಳಸಿ ಬಿಡುತ್ತಿದ್ದ ಹಳೆಯ ಕ್ರಮ ಈ ದೃಷ್ಟಿಯಿಂದ ಬಹಳ ಒಳ್ಳೆಯದಿತ್ತು. ತಂತಿ ಶುದ್ಧ ಮಾಡಿದ್ದಾಗಿರಬೇಕು ಎಂಬುದಷ್ಟೇ ಈಗ ಸೇರಿಸಬೇಕಾದ ಮಾತು. ಗನ್ನಿನಿಂದ ಚುಚ್ಚಿಸುವವರು ಒಳಹೋಗುವ ಕಡ್ಡಿ ಯಾವ ಲೋಹದ್ದೆಂದು ಮೊದಲೇ ಕೇಳಬೇಕು. ಟೈಟಾನಿಯಂ ಆದರೆ ಇಂಪ್ಲಾಂಟ್ ದರ್ಜೆಯದು, ಚಿನ್ನವಾದರೆ ಲೇಪವಲ್ಲದ ಚಿನ್ನ. ಗಾಯ ಪೂರ್ತಿ ಮಾಯುವ ತನಕ, ಅಂದರೆ ಕೆಲವು ವಾರ, ಜಾತ್ರೆಯ ಬಣ್ಣಬಣ್ಣದ ಓಲೆಗಳು ಕಾಯಬಹುದು.

ಈಗಾಗಲೇ ಅಲರ್ಜಿ ಅಂಟಿಸಿಕೊಂಡವರು ಇಷ್ಟಪಟ್ಟು ಕೊಂಡ ಜುಮುಕಿಯನ್ನು ಎಸೆಯಬೇಕಾಗಿಲ್ಲ. ಕಿವಿಯೊಳಗೆ ಹೋಗುವುದು ಕಡ್ಡಿ, ಹಿಂದೆ ಒತ್ತುವುದು ತಿರುಪು. ಊರಿನ ಅಕ್ಕಸಾಲಿಗರ ಬಳಿ ಒಯ್ದರೆ ಅವೆರಡನ್ನು ಮಾತ್ರ ಚಿನ್ನದಲ್ಲೋ ಬೆಳ್ಳಿಯಲ್ಲೋ ಬದಲಿಸಿ ಕೊಡುತ್ತಾರೆ. ಲೇಪ ಮಾಡಿಕೊಡುತ್ತೇನೆ ಎಂದರೆ ಒಪ್ಪಬಾರದು, ಇಡೀ ಕಡ್ಡಿಯೇ ಬದಲಾಗಬೇಕು. ಜುಮುಕಿಯ ತಟ್ಟೆ ಹಾಲೆಯನ್ನು ಮುಟ್ಟುವ ಕಡೆ ನಡುವೆ ಇಡಲು ಪಾರದರ್ಶಕ ಪ್ಲಾಸ್ಟಿಕ್ ಬಿಲ್ಲೆಗಳು ಫ್ಯಾನ್ಸಿ ಸ್ಟೋರಿನಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತವೆ. ಹೊಸ ಕಡ್ಡಿ ಹಾಕಿಸಿದ ಮೇಲೆ ಮನೆಯಲ್ಲೇ ಎರಡು ಗಂಟೆ ತೊಟ್ಟು ತೆಗೆದಿಟ್ಟು, ಮೂರು ದಿನ ಕಾದು ನೋಡಿ, ಆಮೇಲೆ ಮದುವೆಗೆ ಹಾಕಿಕೊಂಡು ಹೋಗಬಹುದು.